ಮಂಡಿನೋವಿಗೆ ಹಿಡಿಯುವ ಲೇಸರ್‌ನಿಂದ ರಕ್ತಕಣ ಕೆಡುತ್ತಾ?

ಹಾಸನದಲ್ಲಿ ಅಮ್ಮನ ಮಂಡಿಗೆ ಫಿಸಿಯೋಥೆರಪಿಯವರು ಕೆಂಪು ಲೇಸರ್ ಹಿಡಿಯುತ್ತಿದ್ದಾರೆ, ರಕ್ತಕಣಗಳಿಗೆ ಆಕ್ಸಿಡೇಟಿವ್ ಸ್ಟ್ರೆಸ್ (ಫ್ರೀ ರಾಡಿಕಲ್ ಎಂಬ ಚುರುಕು ಅಣುಗಳು ಹೆಚ್ಚಾಗಿ ಕಣಕ್ಕೆ ಬೀಳುವ ಒತ್ತಡ) ಆಗುತ್ತಾ ಅಂತ ಕೇಳಿದ್ದೀರಿ. ಎಲ್ಲಾ ಡೋಸ್, ಅಂದರೆ ತಾಗುವ ಬೆಳಕಿನ ಪ್ರಮಾಣದ ಮೇಲೆ ನಿಂತಿದೆ.

ಬೆಳಕು ಏನಾದರೂ ಮಾಡಬೇಕೆಂದರೆ ಮೊದಲು ಅದನ್ನು ಹೀರುವ ವಸ್ತು ಬೇಕಲ್ವಾ? ಬಿಳಿ ಕಣದಲ್ಲಿ ಬೆಳಕು ಹೀರಬಲ್ಲ ಮೈಟೊಕಾಂಡ್ರಿಯಾ (ಕಣಕ್ಕೆ ಶಕ್ತಿ ತಯಾರಿಸುವ ಭಾಗ) ಇದೆ. ಬಲಿತ ಕೆಂಪು ಕಣದಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿ ಬೆಳಕು ಹೀರುವುದು ಮುಖ್ಯವಾಗಿ ಹಿಮೋಗ್ಲೋಬಿನ್, ಅದೂ ಸುಮಾರು 415 ನ್ಯಾನೋಮೀಟರ್‌ನ ನೇರಳೆ ಬೆಳಕನ್ನು. 650ರ ಆಸುಪಾಸಿನ ಕೆಂಪನ್ನು ತುಂಬಾ ಕಡಿಮೆ ಹೀರುತ್ತದೆ.

ಹದವಾದ ಡೋಸ್‌ನಲ್ಲಿ ಫ್ರೀ ರಾಡಿಕಲ್‌ಗಳು ಸ್ವಲ್ಪ ಏರಿದರೂ ಕಣವೇ ಸಂಭಾಳಿಸಿಕೊಳ್ಳುತ್ತದೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ ತಕ್ಷಣ ಬುಸಬುಸ ನೊರೆ ಏಳುತ್ತದಲ್ಲ, ಅದು ಕ್ಯಾಟಲೇಸ್ ಕೆಲಸ. ಅದೇ ಕಿಣ್ವ ಕೆಂಪು ಕಣದೊಳಗೂ ಕಾವಲಿಗಿದೆ. ಡೋಸ್ ಜಾಸ್ತಿಯಾದರೆ ಮಾತ್ರ ಪೊರೆಯ ಕೊಬ್ಬು ಕೆಡುತ್ತದೆ, ಕಣ ಒಡೆಯಲೂಬಹುದು. ಲ್ಯಾಬ್‌ನಲ್ಲಿ ಎಂಡಿಎ (ಕೊಬ್ಬು ಕೆಟ್ಟಾಗ ಹುಟ್ಟುವ ವಸ್ತು) ಅಳೆಯುವುದು ಈ ಹಾನಿ ಗೊತ್ತಾಗಲೆಂದೇ. ಆದರೆ ಟ್ಯೂಬಿನ ರಕ್ತ ನಿಂತಲ್ಲೇ ನಿಂತಿರುತ್ತದೆ. ಮಂಡಿಯಲ್ಲಿ ಅದು ಹರಿಯುತ್ತದೆ, ಒಂದೊಂದು ಕಣಕ್ಕೆ ಬೆಳಕು ತಾಗುವುದು ಸ್ವಲ್ಪವೇ ಹೊತ್ತು.

ಸುಮ್ನೆ ರಕ್ತದ ಚಿಂತೆ ಬಿಡಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಕೊಡದಿದ್ದರೆ ಮಾತ್ರ ಕೇಳಿ ಹಾಕಿಸಿ.