ಕನ್ನಡದ ಸ್ವತಂತ್ರ ಚಿತ್ರಗಳಿಗೆ ಸಿಗುತ್ತಿರುವ ಹೊಗಳಿಕೆ ನ್ಯಾಯವೇ? ಜನಪದ ಬೆರೆತ ಹೊಸ ಸಂಗೀತದಲ್ಲಿ ಯಾರನ್ನು ಕೇಳಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆಗಳಾದರೂ ನನ್ನ ಉತ್ತರ ಒಂದೇ ದಾರಿಯಲ್ಲಿ ಹೋಗುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಕಡಿಮೆ ಹಣದಲ್ಲಿ, ತಾರೆಯರಿಲ್ಲದೆ ತಯಾರಾದ ಕನ್ನಡ ಚಿತ್ರಗಳಲ್ಲಿ ಒಳ್ಳೆಯವು ತಮಗೆ ಬಂದ ಹೊಗಳಿಕೆಗೆ ತಕ್ಕವೇ ಆಗಿವೆ ಎಂಬುದು ನನ್ನ ಅಭಿಪ್ರಾಯ. ಜನಪದವನ್ನು ಗಿಟಾರು, ಡ್ರಮ್ಮುಗಳ ಜೊತೆ ಹಾಡುವ ಸಂಗೀತದ ಬಗ್ಗೆ ಅದೇ ಮಾತನ್ನು ಅರ್ಧ ಮನಸ್ಸಿನಿಂದ ಮಾತ್ರ ಹೇಳಬಲ್ಲೆ. ನಾನು ವಿಮರ್ಶಕನಲ್ಲ, ಚಿತ್ರರಂಗದವನೂ ಅಲ್ಲ. ಟಿಕೆಟ್ಟು ಕೊಂಡು ಸಿನಿಮಾ ನೋಡುವ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುವ ಅಭಿಮಾನಿ. ಆದರೆ ಎರಡನ್ನೂ ಒಟ್ಟಿಗೆ ಹಚ್ಚಿಕೊಂಡವನಿಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಚಿತ್ರ ಮಾಡುವವರು ಊರಿನ ದನಿಯನ್ನು ಇದ್ದಂತೆಯೇ ಹಿಡಿಯುವ ಧೈರ್ಯ ತೋರಿದ್ದಾರೆ, ಹಾಡುವವರಲ್ಲಿ ಹೆಚ್ಚಿನವರು ಆ ದನಿಯನ್ನು ಒಪ್ಪ ಮಾಡುವ ಆತುರದಲ್ಲಿದ್ದಾರೆ.

‘ತಿಥಿ’ಯಿಂದಲೇ ಶುರು ಮಾಡಬೇಕು, ಏಕೆಂದರೆ ಆಮೇಲೆ ಬಂದ ಎಷ್ಟೋ ಚಿತ್ರಗಳಿಗೆ ಬಾಗಿಲು ತೆರೆದದ್ದು ಅದು. ರಾಮ್ ರೆಡ್ಡಿ ನಿರ್ದೇಶಿಸಿದ, ಅವರ ಜೊತೆ ಈರೇಗೌಡ ಬರೆದ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ಪ್ರಶಸ್ತಿಗಿಂತ ಮುಖ್ಯವಾದದ್ದು ಅದನ್ನು ಮಾಡಿದ ರೀತಿ. ಈರೇಗೌಡರ ಸ್ವಂತ ಊರಾದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಲ್ಲಿನ ಮತ್ತು ಸುತ್ತಲಿನ ಊರುಗಳ ಜನರನ್ನೇ ಪಾತ್ರಗಳಿಗೆ ಆರಿಸಿ, ಆ ಜನರ ಗುಣಸ್ವಭಾವವನ್ನು ನೋಡಿಕೊಂಡೇ ಕಥೆಯನ್ನು ಕಟ್ಟಿದರು. ಮೊದಲ ದೃಶ್ಯದಲ್ಲಿ ನೂರು ದಾಟಿದ ಸೆಂಚುರಿ ಗೌಡ ದಾರಿಯ ಬದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ, ಎದ್ದು ನಾಲ್ಕು ಹೆಜ್ಜೆ ಹೋಗಿ ಬಿದ್ದು ಸಾಯುತ್ತಾನೆ. ಆ ಬೈಗುಳದಲ್ಲಿ ಸಿಟ್ಟಿಗಿಂತ ಹೊತ್ತು ಕಳೆಯುವ ಆಟವೇ ಹೆಚ್ಚು, ಹಳೇ ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಳಗೆ ಓಡುವ ಇಂಗ್ಲಿಷ್ ಅಡಿಬರಹಕ್ಕೆ ಅದರ ಅರ್ಧವೂ ದಕ್ಕಿಲ್ಲ. ವಿದೇಶದವರು ಮೆಚ್ಚಿದ್ದು ನಮಗೆ ಕಂಡ ಚಿತ್ರದ ಒಂದು ಅಂಶವನ್ನು ಮಾತ್ರ ಎಂದು ಆಗಾಗ ಅನ್ನಿಸಿ, ಸಣ್ಣದೊಂದು ಹೆಮ್ಮೆಯೂ ಆಗುತ್ತದೆ.

ಸತ್ತವನ ಮಗ ಗಡ್ಡಪ್ಪನಿಗೆ ಆಸ್ತಿ ಬೇಡ, ತಿಥಿ ಬೇಡ, ಸಂಸಾರವೂ ಬೇಡ. ಜೇಬಿನಲ್ಲಿ ಬ್ರಾಂದಿ ಬಾಟಲಿ, ಬಾಯಲ್ಲಿ ಬೀಡಿ ಇಟ್ಟುಕೊಂಡು ಹೊಲದ ಬದುಗಳ ಮೇಲೆ ನಡೆಯುತ್ತಲೇ ಇರುತ್ತಾನೆ. ಇತ್ತ ಅವನ ಮಗ ತಮ್ಮಣ್ಣ ಜಮೀನು ಮಾರುವ ಸಲುವಾಗಿ, ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸಲು ಓಡಾಡುತ್ತಾನೆ. ಇಂಥ ಕಥೆಗೆ ಪಿಟೀಲು ಹಚ್ಚಿ ಅಳಿಸುವುದಾಗಲಿ, ತಮಟೆ ಬಡಿದು ನಗಿಸುವುದಾಗಲಿ ಬಹಳ ಸುಲಭವಿತ್ತು. ನಿರ್ದೇಶಕರು ಎರಡನ್ನೂ ಮಾಡಲಿಲ್ಲ. ಕುರಿ ಕಾಯುವವರ ನಡುವೆ ಬೆಂಕಿಯ ಮುಂದೆ ಕೂತು ಗಡ್ಡಪ್ಪ ತನ್ನ ಹಳೆಯ ಕಥೆ ಹೇಳುವ ದೃಶ್ಯವಿದೆಯಲ್ಲ, ಅಲ್ಲಿ ಕೇಳುವುದು ಅವನ ಏರಿಳಿತವಿಲ್ಲದ ಮಾತು, ಅಷ್ಟೇ. ಅಷ್ಟು ದೊಡ್ಡ ದುಃಖವನ್ನು ಅಷ್ಟು ಸಪ್ಪೆಯಾಗಿ ಹೇಳುವ ಮುದುಕರನ್ನು ನಾನು ನಮ್ಮ ಕಡೆ ನೋಡಿದ್ದೇನೆ; ತೆರೆಯ ಮೇಲೆ ಅದಕ್ಕೂ ಮೊದಲು ನೋಡಿರಲಿಲ್ಲ.

ಆದರೂ ಒಂದೇ ಚಿತ್ರವನ್ನು ಆರಿಸೆಂದರೆ ನಾನು ಆರಿಸುವುದು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ವನ್ನು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ನಡೆಯುವ ಕಥೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸೊಬ್ಬಳು, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ನೆಟ್‌ವರ್ಕ್ ಮಾರ್ಕೆಟಿಂಗ್‌ನ ಪೌಷ್ಟಿಕ ಪುಡಿಯ ಮೇಲೆ ಹಾಕಿ, ಹಾಸಿಗೆ ಹಿಡಿದ ಗಂಡನಿಂದ ಹಿಡಿದು ಊರವರವರೆಗೆ ಎಲ್ಲರಿಗೂ ಅದನ್ನು ಕುಡಿಸಲು ಹೊರಡುತ್ತಾಳೆ. ಶರಣಮ್ಮ ಚೆಟ್ಟಿಯವರು ಆ ಪಾತ್ರವನ್ನು ಮಾಡಿರುವ ಪರಿ ನೋಡಿದರೆ ನಟನೆಯ ಶಾಲೆಗಳ ಬಗ್ಗೆಯೇ ಅನುಮಾನ ಬರುತ್ತದೆ. ಹಳ್ಳಿಯ ಬಡವಿ ಎಂದರೆ ಮುಗ್ಧೆ, ಶೋಷಿತೆ, ತ್ಯಾಗಮಯಿ ಎಂದು ಬರೆದುಕೊಂಡು ಬಂದ ನಮ್ಮ ಕಲಾತ್ಮಕ ಚಿತ್ರಗಳ ಪದ್ಧತಿಗೆ ಶಿವಮ್ಮ ಸೊಪ್ಪು ಹಾಕುವುದಿಲ್ಲ. ಅವಳಿಗೆ ದುಡ್ಡು ಬೇಕು, ಮಾನ ಬೇಕು, ಸಾಹೇಬರ ಹಾಗೆ ವೇದಿಕೆಯ ಮೇಲೆ ನಿಲ್ಲಬೇಕೆಂಬ ಆಸೆಯೂ ಇದೆ. ಅವಳು ಮೋಸ ಹೋಗುತ್ತಾಳೆ, ಮೊಂಡು ಹಿಡಿಯುತ್ತಾಳೆ, ಜಗಳಕ್ಕೆ ನಿಲ್ಲುತ್ತಾಳೆ; ಆದರೂ ನೋಡುವವನಿಗೆ ಅವಳ ಮೇಲೆ ಕನಿಕರ ತೋರುವ ಅವಕಾಶವನ್ನೇ ಚಿತ್ರ ಕೊಡುವುದಿಲ್ಲ. ಮೊದಲ ಕೆಲವು ನಿಮಿಷ ಅಲ್ಲಿನ ಮಾತಿನ ವೇಗ ನನ್ನ ಕಿವಿಗೆ ಹತ್ತಲಿಲ್ಲ. ಒಂದೇ ಭಾಷೆಯವರಾದ ನಾವು ಪರಸ್ಪರರ ಮಾತಿಗೆ ಹೀಗೆ ಕಿವಿ ಹೊಂದಿಸಿಕೊಳ್ಳಬೇಕಾಗುವುದು ಒಳ್ಳೆಯದೇ. ಉತ್ತರ ಕರ್ನಾಟಕದ ಮಾತನ್ನು ಹಾಸ್ಯಪಾತ್ರಕ್ಕೆ ಮೀಸಲಿಟ್ಟ ದಶಕಗಳ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

ಈ ಚಿತ್ರಕ್ಕೆ 2022ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಏಷ್ಯಾದ ಹೊಸ ನಿರ್ದೇಶಕರಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ನಮ್ಮ ಚಿತ್ರಮಂದಿರಕ್ಕೆ ಬರುವಾಗ 2024ರ ಜೂನ್ ಆಗಿತ್ತು. ಸುಮಂತ್ ಭಟ್ ಅವರ ‘ಮಿಥ್ಯ’ದ್ದೂ ಇದೇ ಪಾಡು: 2023ರಲ್ಲಿ ಮುಂಬಯಿ ಚಿತ್ರೋತ್ಸವದಲ್ಲಿ ಕಂಡದ್ದು ಬಿಡುಗಡೆಯಾದದ್ದು 2025ರ ಮಾರ್ಚಿನಲ್ಲಿ. ಅವರೂ ಸೇರಿ ಮಾಡಿದ ‘ಏಕಂ’ ಸರಣಿಯನ್ನು ಯಾವ ಓಟಿಟಿ ವೇದಿಕೆಯೂ ಕೊಳ್ಳದೆ, ಕಡೆಗೆ ತಯಾರಿಸಿದವರೇ ಒಂದು ಜಾಲತಾಣ ಕಟ್ಟಿ ಬಿಡುಗಡೆ ಮಾಡಬೇಕಾಯಿತು. ‘ಇಂಥ ಚಿತ್ರಗಳು ಬಂದದ್ದೇ ತಿಳಿಯಲಿಲ್ಲ’ ಎನ್ನುವವರನ್ನು ನಾನು ದೂರುವುದಿಲ್ಲ. ಹೊಗಳಿಕೆಯ ಸುದ್ದಿ ಹಳಸಿದ ಮೇಲೆ ಬರುವ ಚಿತ್ರ ಎರಡನೆಯ ವಾರ ಓಡುವುದು ಕಷ್ಟ.

ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಮುಂಬಯಿಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬಂದ ಹುಡುಗನ ‘ಮಿಥ್ಯ’ ಸೂಕ್ಷ್ಮವಾದ ಚಿತ್ರ, ಮಕ್ಕಳ ಮೌನವನ್ನು ಹಾಗೆ ಹಿಡಿದವರು ಕಡಿಮೆ. ನಟೇಶ್ ಹೆಗಡೆಯವರ ‘ಪೆದ್ರೊ’ದಲ್ಲಿ ನಿರ್ದೇಶಕರ ತಂದೆ ಗೋಪಾಲ ಹೆಗಡೆಯವರೇ ಮುಖ್ಯ ಪಾತ್ರದಲ್ಲಿದ್ದಾರೆ, ಅಚಾತುರ್ಯದಿಂದ ದನವೊಂದು ಸತ್ತ ಮೇಲೆ ಇಡೀ ಊರು ಒಬ್ಬನ ಮೇಲೆ ತಿರುಗಿಬೀಳುವ ಆ ಕಥೆಯಲ್ಲಿ ಉತ್ತರ ಕನ್ನಡದ ಮಳೆ ಮಾತಿಗಿಂತ ಹೆಚ್ಚು ಕೇಳಿಸುತ್ತದೆ. ಉತ್ಸವ್ ಗೋನವಾರ ಅವರ ‘ಫೋಟೋ’, ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ರಾಯಚೂರು ಕಡೆಯಿಂದ ಬಂದ ಹುಡುಗ ಲಾಕ್‌ಡೌನಿನಲ್ಲಿ ಅಪ್ಪನ ಜೊತೆ ನಡೆದೇ ಊರಿಗೆ ಹೊರಡುವ ಚಿತ್ರ. ಅದರ ದ್ವಿತೀಯಾರ್ಧ ನನಗೆ ತುಸು ಎಳೆದಂತೆ ಕಂಡರೂ ಬಿಟ್ಟುಬಿಡುವಂಥದ್ದಲ್ಲ.

ಮೆಚ್ಚದೆ ಹೋದದ್ದನ್ನೂ ಹೇಳಬೇಕಲ್ಲ. 2020ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ‘ಡೊಳ್ಳು’ ನನ್ನನ್ನು ತಟ್ಟಲಿಲ್ಲ. ಡೊಳ್ಳು ಕುಣಿತದ ಹುಡುಗರು ಕೆಲಸ ಹುಡುಕಿಕೊಂಡು ನಗರ ಸೇರುವುದು ನಿಜವಾದ ಸಮಸ್ಯೆಯೇ; ಆದರೆ ಚಿತ್ರವು ಆ ಕಲೆಯನ್ನು ಉಳಿಸಬೇಕೆಂದು ಹೇಳುವುದರಲ್ಲಿ ಎಷ್ಟು ತೊಡಗಿದೆಯೆಂದರೆ ಅದನ್ನು ಬಾರಿಸುವವರ ದಿನದ ಬದುಕು ಹಿಂದೆ ಸರಿಯುತ್ತದೆ. ಚಿತ್ರೀಕರಣದ ಸ್ಥಳದಲ್ಲೇ ಧ್ವನಿಮುದ್ರಿಸಿದ ಚಿತ್ರಗಳಿಗೆ ಮಾತ್ರ ಆಗ ಕೊಡುತ್ತಿದ್ದ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂದಾಗ, ಚಿತ್ರಕ್ಕೆ ಡಬ್ಬಿಂಗ್ ಆಗಿದೆಯೆಂದು ಅದರ ಧ್ವನಿ ವಿನ್ಯಾಸಕರೇ ಬಹಿರಂಗವಾಗಿ ಹೇಳಿದ್ದರು. ಪ್ರಶಸ್ತಿ ಯಾರಿಗೆ ಸಲ್ಲಬೇಕಿತ್ತೆಂಬುದು ನನ್ನ ವಿಷಯವಲ್ಲ. ಆದರೆ ಸ್ಟುಡಿಯೋದಲ್ಲಿ ಮತ್ತೆ ಆಡಿಸಿದ ಮಾತಿಗೂ ಬಯಲಿನಲ್ಲಿ ಆಡಿದ ಮಾತಿಗೂ ಇರುವ ಅಂತರ ಇಂಥ ಚಿತ್ರಗಳಲ್ಲಿ ಎಷ್ಟು ದೊಡ್ಡದೆಂದು ನನಗೆ ಆ ವಿವಾದದ ನಂತರವೇ ಪೂರ್ತಿ ಹೊಳೆದದ್ದು.

ಇನ್ನು ಸಂಗೀತ. ಇಲ್ಲಿ ರಘು ದೀಕ್ಷಿತ್ ಅವರ ಋಣವನ್ನು ಮೊದಲು ಒಪ್ಪಿಕೊಳ್ಳಬೇಕು. 2008ರಲ್ಲಿ ಬಂದ ಅವರ ತಂಡದ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಕೇಳಿದ ಕಾಲೇಜು ಹುಡುಗರಿಗೆ ತತ್ವಪದವೆಂಬುದು ಅಜ್ಜನ ರೇಡಿಯೋದ ಸರಕಲ್ಲ ಎಂದು ತಿಳಿಯಿತು. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ತಂಡವೂ ಅದೇ ಕಾಲದ್ದು. ಅದಕ್ಕೂ ಬಹಳ ಮೊದಲೇ ಸಿ. ಅಶ್ವಥ್ ಶರೀಫರನ್ನು ಮನೆಮನೆಗೆ ಮುಟ್ಟಿಸಿದ್ದರು. ಹೀಗಿರುವಾಗ ಇಂದಿಗೂ ಹೊಸದಾಗಿ ಹುಟ್ಟುವ ತಂಡಗಳು ಅದೇ ನಾಲ್ಕಾರು ಶರೀಫರ ಪದಗಳನ್ನು, ಅದೇ ಮಾದಪ್ಪನ ಹಾಡುಗಳನ್ನು ಹಿಡಿದು, ಪಲ್ಲವಿಯಾದ ಕೂಡಲೇ ಡ್ರಮ್ಮು ಬಡಿದು, ಚಪ್ಪಾಳೆ ಬೇಡುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ಸಮಸ್ಯೆ ಗಿಟಾರಿನದಲ್ಲ, ಅಳತೆಯದು. ಮಂಟೇಸ್ವಾಮಿ ಎಂಬ ಸಂತನ ಪರಂಪರೆಯ ಹಾಡುಗಾರರಾದ ನೀಲಗಾರರು ಆತನ ಕಥೆ ಹಾಡುವುದನ್ನು ಒಮ್ಮೆ ಹತ್ತಿರದಿಂದ ಕೇಳಿ. ಮುಂದಾಳು ಹೆಗಲ ಮೇಲೆ ತಂಬೂರಿ ಇಟ್ಟು ಮೀಟುತ್ತ, ಇನ್ನೊಂದು ಕೈಯಲ್ಲಿ ಗಗ್ಗರ ಕುಣಿಸುತ್ತ, ಒಂದಷ್ಟು ಹಾಡಿ, ಒಂದಷ್ಟು ಮಾತಿನಲ್ಲೇ ಕಥೆ ಹೇಳಿ, ಮತ್ತೆ ಹಾಡಿಗೆ ಹತ್ತುತ್ತಾನೆ. ಜೊತೆಯವರು ಸೊಲ್ಲು ಹಿಡಿಯುತ್ತಾರೆ. ಇಡೀ ರಾತ್ರಿ ನಡೆಯುವ ಈ ಹಾಡಿಕೆಯಲ್ಲಿ ಲಯ ಕಥೆಯ ಹಿಂದೆ ಹೋಗುತ್ತದೆ, ಕಥೆ ಲಯದ ಹಿಂದೆ ಹೋಗುವುದಿಲ್ಲ. ನಾಲ್ಕು ನಿಮಿಷದ ಹಾಡಿಗೆ, ಕಂಪ್ಯೂಟರಿನ ಟಿಕ್ ಟಿಕ್ ಎಣಿಕೆಗೆ ಇದನ್ನು ಕೂಡಿಸಿದಾಗ ಮೊದಲು ಉದುರಿಹೋಗುವುದು ಆ ಮಾತು. ಜನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ನಮ್ಮ ಕಡೆಯ ಹೋಟೆಲು, ಲಾರಿಗಳಲ್ಲಿ ಗಂಟೆಗಟ್ಟಲೆ ಓಡುತ್ತಿದ್ದಾಗ ಉದ್ದವಾಯಿತೆಂದು ದೂರಿದವರನ್ನು ನಾನು ಕಂಡಿಲ್ಲ.

ಹಾಗಾಗಿ ನಾನು ಹುಡುಕಿಕೊಂಡು ಹೋಗುವುದು ಈ ಆತುರವಿಲ್ಲದವರನ್ನು. ಶಿಲ್ಪಾ ಮುಡಬಿಯವರು ‘ಅರ್ಬನ್ ಫೋಕ್ ಪ್ರಾಜೆಕ್ಟ್’ ಹೆಸರಿನಲ್ಲಿ ಮಾಡುತ್ತಿರುವ ಕೆಲಸ ನನಗೆ ಎಲ್ಲಕ್ಕಿಂತ ಮೇಲೆನಿಸುತ್ತದೆ. ಅವರು ಎಲ್ಲಮ್ಮ ದೇವಿಯ ಸೇವೆಗೆ ಮುಡಿಪಾದ ಜೋಗತಿಯರಿಂದಲೇ ಎಲ್ಲಮ್ಮನ ಪದಗಳನ್ನು ಕಲಿತು, ಚೌಡಿಕೆ ಎಂಬ ಒಂಟಿ ತಂತಿಯ ವಾದ್ಯ ಹಿಡಿದು ಹಾಡುತ್ತಾರೆ; ಹಾಡಿನ ನಡುವೆ ಅದು ಯಾರದು, ಯಾವಾಗ ಹಾಡುವಂಥದ್ದು ಎಂದು ಹೇಳುತ್ತಾರೆ. ಚೌಡಿಕೆಯ ದನಿ ಹಾರ್ಮೋನಿಯಂ ಮನೆಗಳ ಹಾಗೆ ಒಂದೊಂದು ಜಾಗದಲ್ಲಿ ನಿಲ್ಲುವಂಥದ್ದಲ್ಲ, ಜಾರುತ್ತ ಹೋಗುವಂಥದ್ದು. ಅವರು ಆ ಜಾರುವಿಕೆಯನ್ನು ತಿದ್ದಲು ಹೋಗುವುದಿಲ್ಲ. ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮೇಲೆ ಈ ಪರಂಪರೆಯತ್ತ ಗಮನವೇನೋ ಹರಿಯಿತು, ಆದರೆ ಅವರ ಫೋಟೋ ಹಂಚಿಕೊಂಡವರಲ್ಲಿ ಹಾಡು ಕೇಳಿದವರೆಷ್ಟು ಎಂಬ ಪ್ರಶ್ನೆ ನನಗಿದೆ.

ಬಿಂದುಮಾಲಿನಿಯವರು ಇನ್ನೊಬ್ಬರು. ಮಂಸೋರೆಯವರ ‘ನಾತಿಚರಾಮಿ’ಯಲ್ಲಿ ‘ಮಾಯಾವಿ ಮನವೆ’ ಹಾಡಿ ರಾಷ್ಟ್ರಪ್ರಶಸ್ತಿ ಪಡೆದ ಇವರದು ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಕಂಠವಾದರೂ, ಕಬೀರನನ್ನು ಹಾಡುವಾಗ ಆ ಪಾಂಡಿತ್ಯವನ್ನು ಪ್ರದರ್ಶನಕ್ಕಿಡುವುದಿಲ್ಲ. ವಾಣಿಜ್ಯ ಚಿತ್ರಗಳಲ್ಲಿಯೂ ಒಮ್ಮೊಮ್ಮೆ ಅಚ್ಚರಿಗಳಾಗುತ್ತವೆ. ‘ಗರುಡ ಗಮನ ವೃಷಭ ವಾಹನ’ದಲ್ಲಿ ಚೈತ್ರಾ ಆಚಾರ್ ಹಾಡಿದ ‘ಸೋಜುಗಾದ ಸೂಜುಮಲ್ಲಿಗೆ’ಯನ್ನು ನಾನು ಮೊದಲಿಗೆ ಅನುಮಾನದಿಂದಲೇ ಕೇಳಿದೆ. ರಕ್ತ ಹರಿಯುವ ಮಂಗಳೂರಿನ ಕಥೆಗೆ ಮಾದೇಶ್ವರನ ಬೆಟ್ಟದ ಭಕ್ತಿಗೀತೆ ಏಕೆ ಎಂಬುದು ನನ್ನ ತಕರಾರು. ತಕರಾರು ಈಗಲೂ ಉಳಿದಿದೆ, ಹಾಡನ್ನು ಮಾತ್ರ ಬಿಡಲಾಗುತ್ತಿಲ್ಲ.

ಜನಪದವನ್ನು ಇಟ್ಟುಕೊಂಡು ಈಚೆಗೆ ನಡೆದ ಅತ್ಯಂತ ಒಳ್ಳೆಯ ಕೆಲಸ ಯಾವುದೆಂದರೆ ನಾನು ಹಾಡಿನ ಬದಲು ಹದಿನಾರು ನಿಮಿಷದ ಒಂದು ಕಿರುಚಿತ್ರವನ್ನು ಹೆಸರಿಸುತ್ತೇನೆ. ಮೈಸೂರಿನಲ್ಲಿ ವೈದ್ಯಕೀಯ ಓದಿ, ಆಮೇಲೆ ಪುಣೆಯ ಚಲನಚಿತ್ರ ಸಂಸ್ಥೆ ಸೇರಿದ ಚಿದಾನಂದ ನಾಯ್ಕ ಅವರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗಳಿಸಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದದ್ದರಿಂದ ಬೆಳಗೇ ಆಗದೆ ಹೋಗುವ, ನಾವೆಲ್ಲ ಕೇಳಿ ಬೆಳೆದ ಕಥೆ ಅದು. ಕಥೆಯ ನೀತಿಯನ್ನು ಅವರು ಹಿಗ್ಗಿಸಿ ಬೋಧಿಸುವುದಿಲ್ಲ, ಕತ್ತಲನ್ನು ಮಾತ್ರ ನಂಬಿ ಚಿತ್ರ ಮಾಡಿದ್ದಾರೆ. ಹಾಡುವವರು ಮಾಡಬೇಕಾದ ಕೆಲಸವನ್ನು ಸಿನಿಮಾದವರು ಮಾಡಿದ್ದಾರಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಎಲ್ಲಿಂದ ಆರಂಭಿಸಲಿ ಎಂದೂ ನೀವು ಕೇಳಬಹುದು. ನೀವು ಹಳೇ ಮೈಸೂರಿನ ಕಡೆಯವರಾದರೆ ‘ಶಿವಮ್ಮ’, ಉತ್ತರ ಕರ್ನಾಟಕದವರಾದರೆ ‘ತಿಥಿ’ ಮೊದಲು ನೋಡಿ. ಅಡಿಬರಹ ತೆಗೆದುಹಾಕುವ ಅವಕಾಶವಿದ್ದರೆ ತೆಗೆದುಬಿಡಿ. ಸಂಗೀತಕ್ಕೆ ಶಿಲ್ಪಾ ಅವರ ಕಾರ್ಯಕ್ರಮ ನಿಮ್ಮ ಊರಿನ ಹತ್ತಿರ ಬಂದಾಗ ಹೋಗಿ, ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಿ. ಮೊಬೈಲಿನ ಸ್ಪೀಕರಿನಲ್ಲಿ ಚೌಡಿಕೆಯ ಕೆಳದನಿ ಬರೀ ಗುಯ್‌ಗುಡುವ ಸದ್ದಾಗಿಬಿಡುತ್ತದೆ.