ಬೆಳಿಗ್ಗೆ ಬಾರದ ಹಸಿವು, ಸಂಜೆ ಖಾಲಿಯಾಗುವ ಡಬ್ಬ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 33, ಮಂಗಳೂರಿನ ಬೆಂದೂರ್‌ವೆಲ್ ಕಡೆ ಮನೆ, ದಿನವಿಡೀ ಕೂತು ಮಾಡುವ ಕಚೇರಿ ಕೆಲಸ. ಎತ್ತರ 158 ಸೆಂ.ಮೀ., ತೂಕ 58 ಕಿಲೋ. ಎಂಟು ವಾರಗಳಿಂದ ವಾರಕ್ಕೆ ಐದು ದಿನ, ಬೆಳಿಗ್ಗೆ 6ರಿಂದ 7.15ರ ತನಕ ಹಾಟ್ ಯೋಗ, ಅಂದರೆ ಬಿಸಿಯೇರಿಸಿದ ಕೋಣೆಯಲ್ಲಿ ಮಾಡುವ ಯೋಗ. ಇಷ್ಟು ಬೆವರಿದರೂ ತೂಕ ಇಳಿಯುವುದಿಲ್ಲ ಎಂಬುದು ಆಹಾರದ ಸಲಹೆಗಾಗಿ ನಮ್ಮಲ್ಲಿಗೆ ಬಂದ ಈ ಮಹಿಳೆಯ ದೂರು. ಜೊತೆಗೆ ಬಂದಿದ್ದ ಅತ್ತೆಯದು ಬೇರೆಯೇ ದೂರು: “ಬೆಳಿಗ್ಗೆ ಮಾಡಿದ ತಿಂಡಿ ಮುಟ್ಟುದಿಲ್ಲ ಮಾರಾಯ್ರೆ. ಸಂಜೆ ನೋಡಿದರೆ ಚಕ್ಕುಲಿ ಡಬ್ಬ ಖಾಲಿ.” ಪ್ರಕರಣದ ಎಳೆ ಸಿಕ್ಕಿದ್ದು ಈ ಎರಡನೆಯ ಮಾತಿನಲ್ಲಿ.

ಮೂರು ದಿನ ತಿಂದದ್ದನ್ನೆಲ್ಲ ಗಂಟೆ ಸಮೇತ ಬರೆದು ತರಲು ಹೇಳಿದೆವು. ಮೂರೂ ದಿನ ಹೆಚ್ಚುಕಡಿಮೆ ಒಂದೇ ಚಿತ್ರ. 5.15ಕ್ಕೆ ನಾಲ್ಕು ಗುಟುಕು ನೀರು. ತರಗತಿ ಮುಗಿಸಿ ದಾರಿಯಲ್ಲಿ ಒಂದು ಬೊಂಡ (ಎಳನೀರು). 11ಕ್ಕೆ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಬುತ್ತಿಯ ಅರ್ಧ ವಾಪಸ್. 3 ಗಂಟೆಗೆ ತಲೆನೋವು. ಸಂಜೆ ಆರರ ಹೊತ್ತಿಗೆ ಗೋಳಿಬಜೆ, ಚಕ್ಕುಲಿ, ಸಿಹಿ ಚಹಾ, ರಾತ್ರಿ 9.30ಕ್ಕೆ ತುಂಬು ಊಟ, ಮಲಗುವ ಮುಂಚೆ ಐಸ್‌ಕ್ರೀಂ. ದಿನದ ಆಹಾರದಲ್ಲಿ ಮೂರರಲ್ಲಿ ಎರಡು ಪಾಲು ಸಂಜೆ 5.30ರ ನಂತರವೇ ಹೊಟ್ಟೆ ಸೇರುತ್ತಿತ್ತು.

“ಕ್ಲಾಸಿನಿಂದ ಬಂದ ಮೇಲೆ ಹಸಿವೇ ಆಗುದಿಲ್ಲ. ದೋಸೆಯ ವಾಸನೆ ಸಹ ಆಗುದಿಲ್ಲ,” ಎಂದರು ಆಕೆ. ಅದನ್ನು ಯೋಗದ ಲಾಭವೆಂದೇ ನಂಬಿದ್ದರು: ದೇಹ ‘ಕಡಿಮೆ ಕೇಳಲು’ ಕಲಿತಿದೆ ಎಂದು.

ಆಗುತ್ತಿದ್ದುದು ಬೇರೆ. ಮೈ ಬಿಸಿಯೇರಿದಾಗ ಶಾಖ ಹೊರಹಾಕಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಹೊಟ್ಟೆ ಮತ್ತು ಕರುಳಿಗೆ ಹೋಗುವ ರಕ್ತ ತಗ್ಗುತ್ತದೆ. ಬಿರುಸಿನ ವ್ಯಾಯಾಮ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನನ್ನು ಸ್ವಲ್ಪ ಹೊತ್ತು ಕೆಳಗಿಡುತ್ತದೆ; ಬಿಸಿ ಕೋಣೆಯಲ್ಲಿ ಎರಡೂ ಒಟ್ಟಿಗೆ ಸೇರುತ್ತವೆ. ಮೈ ತಣಿಯುತ್ತ ಬಂದಂತೆ ಹಸಿವು ಮರಳಬೇಕು. ಆದರೆ ಅಷ್ಟರಲ್ಲಿ ಈಕೆ ಕಚೇರಿಯ ಕಂಪ್ಯೂಟರಿನ ಮುಂದೆ ಇರುತ್ತಿದ್ದರು, ಚಹಾ ಕುಡಿದು ಅದನ್ನು ಇನ್ನೂ ಮುಂದೂಡುತ್ತಿದ್ದರು. ಈಜಿ ಬಂದ ಮಕ್ಕಳು ಅಡುಗೆಮನೆಗೇ ನುಗ್ಗುವುದನ್ನು ನೋಡಿದವರಿಗೆ ಇದರ ಇನ್ನೊಂದು ಮುಖ ಗೊತ್ತು: ತಣ್ಣೀರಿನಲ್ಲಿ ದಣಿದರೆ ಆಮೇಲಿನ ಊಟ ಹೆಚ್ಚುತ್ತದೆ.

ಹಾಟ್ ಯೋಗವನ್ನು ಜನಪ್ರಿಯಗೊಳಿಸಿದ ಬಿಕ್ರಮ್ ಪದ್ಧತಿಯ ಮೂಲ ಲೆಕ್ಕ 2 ಉಸಿರಾಟದ ಅಭ್ಯಾಸವೂ ಸೇರಿ 26 ಭಂಗಿ, 90 ನಿಮಿಷ, ಸುಮಾರು 40 ಡಿಗ್ರಿ ಸೆಲ್ಸಿಯಸ್, ಶೇ. 40 ತೇವಾಂಶ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಾಂಶ ಇದಕ್ಕಿಂತ ಎಷ್ಟೋ ಹೆಚ್ಚು. (ಏಪ್ರಿಲ್‌ನಲ್ಲಿ ಮಂಗಳೂರಿನವರು ಹೀಟರ್‌ಗೆ ದುಡ್ಡು ಕೊಡುವುದು ಏಕೆಂದು ನಮಗೆ ಇನ್ನೂ ಅರ್ಥವಾಗಿಲ್ಲ, ಫ್ಯಾನ್ ಆರಿಸಿದರೆ ಸಾಲದೇ?) ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಚಾಪೆಯ ಮೇಲೆ ತೊಟ್ಟಿಕ್ಕಿದ ಬೆವರಿನಿಂದ ನೀರು, ಉಪ್ಪು ಹೋಗುತ್ತವೆಯೇ ಹೊರತು ತಂಪು ಸಿಗುವುದಿಲ್ಲ.

ಬೆವರಿನ ಪ್ರಮಾಣವನ್ನು ಆಕೆಯೇ ಅಳೆಯಲಿ ಎಂದೆವು. ತರಗತಿಗೆ ಮುಂಚೆ ಮೂತ್ರ ಮಾಡಿ, ಕನಿಷ್ಠ ಬಟ್ಟೆಯಲ್ಲಿ ತೂಕ. ಮುಗಿದ ಮೇಲೆ ಮೈ ಒರೆಸಿ, ಒದ್ದೆ ಬಟ್ಟೆ ಕಳಚಿ ಮತ್ತೆ ತೂಕ. ಒದ್ದೆ ಬಟ್ಟೆಯಲ್ಲೇ ತೂಗಿದರೆ ಲೆಕ್ಕ ಕೆಡುತ್ತದೆ. ಬಂದ ಅಂಕಿ: ಮೊದಲು 58.4, ಆಮೇಲೆ 57.3, ಮಧ್ಯೆ ಕುಡಿದ ನೀರು 350 ಮಿ.ಲೀ. ಅಂದರೆ ಬೆವರು ಸುಮಾರು 1.45 ಲೀಟರ್. ಬೆವರಿನ ಸೋಡಿಯಂ ಒಬ್ಬೊಬ್ಬರಲ್ಲಿ ಒಂದೊಂದು ತರ. ಲೀಟರಿಗೆ ಸುಮಾರು 1 ಗ್ರಾಂ ಎಂದು ಹಿಡಿದರೂ ಈಕೆ ಕಳೆದುಕೊಂಡದ್ದು ಮೂರೂವರೆ ಗ್ರಾಂ ಅಡುಗೆ ಉಪ್ಪಿಗೆ ಸಮ, ಅರ್ಧ ಟೀ ಚಮಚಕ್ಕಿಂತ ಹೆಚ್ಚು. ಬೊಂಡದಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ಸೋಡಿಯಂ ಕಡಿಮೆ. 3 ಗಂಟೆಯ ತಲೆನೋವಿಗೂ ಸಂಜೆ ಉಪ್ಪು ತಿಂಡಿಯ ಡಬ್ಬದತ್ತ ಕೈ ಹೋಗುವುದಕ್ಕೂ ಇಲ್ಲಿ ಬೇರಿದೆ ಎಂದು ನಮ್ಮ ಅಂದಾಜು. ಆ 1.1 ಕಿಲೋ ಕೊಬ್ಬಲ್ಲ, ನೀರು. ಮರುದಿನ ತೂಕ ವಾಪಸ್ ಬಂದದ್ದನ್ನು ಕಂಡು ಆಕೆ ಅತ್ತದ್ದು ನೀರಿಗಾಗಿ.

ಇನ್ನು ಕ್ಯಾಲೊರಿ. ತರಗತಿಯಲ್ಲಿ ಯಾರೋ 800 ಎಂದಿದ್ದರಂತೆ. ಅಮೆರಿಕದ ಕೊಲೊರಾಡೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಳೆದಾಗ 90 ನಿಮಿಷದ ತರಗತಿಗೆ ಹೆಂಗಸರಲ್ಲಿ ಸರಾಸರಿ 330, ಗಂಡಸರಲ್ಲಿ 460 ಕ್ಯಾಲೊರಿ ಬಂದಿತ್ತು. ಬಿರುಸಾಗಿ ನಡೆದ ಹಾಗೆ, ಅಷ್ಟೇ. ಎರಡು ಬನ್ಸ್, ಒಂದು ಸಿಹಿ ಚಹಾ ಆ ಲೆಕ್ಕವನ್ನು ಚುಕ್ತಾ ಮಾಡುತ್ತವೆ.

ಕೊಟ್ಟ ಸಲಹೆಯ ತಿರುಳು ಇದು: ತರಗತಿಯ ನಂತರದ ಎರಡು ಗಂಟೆ ಹಸಿವನ್ನು ಕೇಳಬೇಡಿ, ಗಡಿಯಾರ ನೋಡಿ ತಿನ್ನಿ.

ಎದ್ದ ಕೂಡಲೇ 300 ಮಿ.ಲೀ. ನೀರು, ಒಂದು ಕದಳಿ ಬಾಳೆಹಣ್ಣು. ತರಗತಿ ಮುಗಿದ ಮೇಲೆ ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂತು, ಸ್ನಾನ ಮಾಡಿ, 8.15ರೊಳಗೆ ತಿಂಡಿ. ಬಿಸಿ ದೋಸೆ ಸೇರದಿದ್ದರೆ ತಣಿದದ್ದು ಸೇರುತ್ತದೆ. ಆರಿದ ಕುಚ್ಚಲಕ್ಕಿ ಗಂಜಿ ತಿಳಿಯೊಂದಿಗೆ ಒಂದು ದೊಡ್ಡ ಬಟ್ಟಲು, ಮಾವಿನ ಮಿಡಿ ಉಪ್ಪಿನಕಾಯಿ, ಹೆಸರುಕಾಳಿನ ಪಲ್ಯ ಅಥವಾ ಒಂದು ಮೊಟ್ಟೆ. ನೀರು, ಉಪ್ಪು, ಪಿಷ್ಟ, ಪ್ರೋಟೀನು ಒಂದೇ ಬಟ್ಟಲಿನಲ್ಲಿ. ಗಂಜಿ ಎಂದ ಕೂಡಲೇ ಅತ್ತೆಯ ಮುಖ ಅರಳಿತು. ಆ ಕೆಲಸ ಅವರಿಗೇ ಒಪ್ಪಿಸಿದೆವು. ಅರ್ಧ ಬಟ್ಟಲಷ್ಟೇ ಹೋದರೆ ಉಳಿದರ್ಧ 10 ಗಂಟೆಗೆ ಡಬ್ಬಿಯಲ್ಲಿ.

ತೂಕದಲ್ಲಿ ಇಳಿದದ್ದರ ಒಂದೂಕಾಲರಿಂದ ಒಂದೂವರೆ ಪಟ್ಟು ದ್ರವ, ಅಂದರೆ ಸುಮಾರು ಒಂದೂವರೆ ಲೀಟರ್, ಗಂಜಿತಿಳಿಯೂ ಸೇರಿ, ಮಧ್ಯಾಹ್ನದೊಳಗೆ ಸ್ವಲ್ಪಸ್ವಲ್ಪವಾಗಿ. ಉಪ್ಪು ಹಾಕಿದ ಮಜ್ಜಿಗೆ ನಡೆಯುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಒಮ್ಮೆಗೇ ಸುರಿದುಕೊಂಡರೆ ರಕ್ತದ ಸೋಡಿಯಂ ಕುಸಿಯುವ ಅಪಾಯವಿದೆ. ಬೆವರು ವಿಪರೀತವಾದ ದಿನ ಓಆರ್‌ಎಸ್ ಆಗಬಹುದು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು, ಕಣ್ಣಳತೆಯಲ್ಲಿ ಚಿಟಿಕೆ ಹಾಕುವುದಲ್ಲ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಉಪ್ಪಿನ ಸಲಹೆ ಸಲ್ಲದು. ಆಕೆಗೆ ಎರಡೂ ಇಲ್ಲವೆಂದು ಕೇಳಿಕೊಂಡೇ ಹೇಳಿದ್ದು.

ಸಂಜೆಯ ಚಕ್ಕುಲಿಯನ್ನು ನಿಲ್ಲಿಸಲಿಲ್ಲ. 4.30ಕ್ಕೆ ಕಡಲೆ ಉಸಲಿ ಅಥವಾ ಮೊಸರವಲಕ್ಕಿ, ಆಮೇಲೆ ಬೇಕಾದರೆ ತಟ್ಟೆಯಲ್ಲಿ ಎರಡು ಚಕ್ಕುಲಿ. ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ತಿನ್ನುವ ಹಾಗಿಲ್ಲ. ತರಗತಿ ವಾರಕ್ಕೆ ಮೂರು ದಿನ ಸಾಕು. ಇದಕ್ಕೆ ಆಕೆ ಸುಲಭಕ್ಕೆ ಒಪ್ಪಲಿಲ್ಲ. ರಾತ್ರಿ ಹೆಚ್ಚು ತಿಂದ ಮರುದಿನ ತರಗತಿಗೆ ಹೋಗುವುದು ಶಿಕ್ಷೆಯ ಹಾಗೆ ಅಭ್ಯಾಸವಾಗಿತ್ತು. ನಮಗೆ ತಿಂಡಿಗಿಂತ ಹೆಚ್ಚು ಚಿಂತೆಯಾದದ್ದು ಇದೇ. ತಿನ್ನುವ ಕಾಯಿಲೆಗಳನ್ನು ಗುರುತಿಸಲು ಬಳಸುವ ಸ್ಕಾಫ್ ಎಂಬ ಐದು ಪ್ರಶ್ನೆ ಕೇಳಿದೆವು: ಹೊಟ್ಟೆ ಬಿರಿದಾಗ ಬೇಕೆಂದೇ ವಾಂತಿ ಮಾಡುತ್ತೀರಾ, ತಿನ್ನುವುದರ ಹಿಡಿತ ತಪ್ಪಿದೆಯೆಂಬ ಚಿಂತೆಯಿದೆಯೇ, ಮೂರು ತಿಂಗಳಲ್ಲಿ ಆರು ಕಿಲೋಗಿಂತ ಹೆಚ್ಚು ಇಳಿದಿದ್ದೀರಾ, ಬೇರೆಯವರು ಸಪೂರ ಎಂದರೂ ದಪ್ಪ ಅನಿಸುತ್ತದೆಯೇ, ಆಹಾರವೇ ಬದುಕನ್ನು ಆಳುತ್ತಿದೆಯೇ. ಎರಡು ‘ಹೌದು’ ಬಂದರೆ ಮನೋವೈದ್ಯರ ಬಳಿ ಕಳಿಸುತ್ತೇವೆ. ಈಕೆಯದು ಒಂದು, ಹಿಡಿತದ ಪ್ರಶ್ನೆಗೆ. ಹಾಗಾಗಿ ಪ್ರತಿ ವಾರ ಭೇಟಿ, ತೂಕದ ಯಂತ್ರ ಅತ್ತೆಯ ಕಪಾಟಿನಲ್ಲಿ. ಮುಟ್ಟು ತಪ್ಪಿದರೆ, ತರಗತಿಯಲ್ಲಿ ಕಣ್ಣು ಕತ್ತಲೆ ಬಂದರೆ, ಮಧ್ಯಾಹ್ನವೂ ಮೂತ್ರ ಗಾಢ ಹಳದಿಯಾಗಿದ್ದರೆ ತರಗತಿ ನಿಲ್ಲಿಸಿ ವೈದ್ಯರನ್ನು ಕಾಣಲು ಹೇಳಿದ್ದೇವೆ.

ಎರಡನೇ ವಾರಕ್ಕೆ ತಲೆನೋವು ನಿಂತಿತು. ನಾಲ್ಕನೇ ವಾರದ ಬರಹದಲ್ಲಿ ರಾತ್ರಿಯ ಐಸ್‌ಕ್ರೀಂ ಎರಡೇ ಸಲ. ತೂಕ 57.6, ಹೇಳಿಕೊಳ್ಳುವಂಥದ್ದೇನಲ್ಲ. ರಕ್ತಪರೀಕ್ಷೆಯಲ್ಲಿ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಅಂಶ) ಕಡಿಮೆ ಬಂದದ್ದರಿಂದ ವೈದ್ಯರು ಕಬ್ಬಿಣದ ಮಾತ್ರೆ ಬರೆದಿದ್ದಾರೆ. 11 ಗಂಟೆಯ ಚಹಾದ ಜೊತೆಗೇ ಅದನ್ನು ನುಂಗುತ್ತಿದ್ದರು. ಚಹಾಕ್ಕೂ ಮಾತ್ರೆಗೂ ಒಂದು ಗಂಟೆಯಾದರೂ ಅಂತರವಿರಲಿ, ಮಾತ್ರೆಯ ಜೊತೆ ಲಿಂಬೆ ಶರಬತ್ತು ಆಗಬಹುದು ಎಂದು ತಿದ್ದಿ ಕಳಿಸಿದೆವು.