ಅಪ್ಪನ ಹೆಣದ ಮುಂದೆ ನಕ್ಕ ಮಗಳಿಗೆ

ಈ ವಾರ ಬೇರೆ ಪತ್ರಕ್ಕೆ ಉತ್ತರ ಬರೆಯಬೇಕು ಅಂತ ಕೂತಿದ್ದೆ. ಕೈ ಓಡಲಿಲ್ಲ. ಸಕಲೇಶಪುರ ಕಡೆಯ ಹೆಣ್ಣುಮಗಳೊಬ್ಬರು ಬರೆದ ಪತ್ರ ಮೂರು ದಿನದಿಂದ ತಲೆಯಲ್ಲೇ ಸುತ್ತುತ್ತಿದೆ.

ಅವರಿಗೆ 38 ವರ್ಷ. ಮದುವೆಯಾಗಿ ಹಾಸನದಲ್ಲಿದ್ದಾರೆ. ಹೋದ ವರ್ಷ ಜುಲೈನಲ್ಲಿ ಅಪ್ಪ ತೀರಿಕೊಂಡರು. ಆ ತಿಂಗಳಲ್ಲಿ ಅಲ್ಲಿನ ಮಳೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಅಂಗಳಕ್ಕೆ ನೀಲಿ ಟಾರ್ಪಾಲ್ ಕಟ್ಟಿ ಹೆಣ ಮಲಗಿಸಿದ್ದರು. ಚಟ್ಟ ಎತ್ತಿ ಹೊರಗೆ ತಂದ ಮೇಲೆ ತುಳಸಿಕಟ್ಟೆ ಹತ್ತಿರ ಒಂದು ನಿಮಿಷ ಇಳಿಸಿದರು, ಕೊನೇ ಸಲ ಮುಖ ನೋಡೋರು ನೋಡಿಕೊಳ್ಳಲಿ ಅಂತ. ಮಳೆ ಮುಖಕ್ಕೇ ಬೀಳ್ತಿತ್ತು. ಪಕ್ಕದ ತೋಟದವರು ಓಡಿ ಬಂದು ತಮ್ಮ ಕೊಡೆ ಹಿಡಿದರು. ಅಪ್ಪ ಅವರ ಹತ್ತಿರ ಮಾತು ಬಿಟ್ಟು 11 ವರ್ಷವಾಗಿತ್ತು. ಕಾರಣ ಒಂದು ಕೊಡೆ. ಯಾವುದೋ ಮದುವೆಯಲ್ಲಿ ಛತ್ರದ ಬಾಗಿಲಲ್ಲಿ ಒರಗಿಸಿಟ್ಟಿದ್ದ ಕೊಡೆ ಕಾಣೆಯಾಯಿತು. ಆ ಮನುಷ್ಯನೇ ಹೊತ್ತುಕೊಂಡು ಹೋದ ಅಂತ ಅಪ್ಪ ಸಾಯುವ ತನಕ ಹೇಳಿದರು.

ಅಪ್ಪನ ತಲೆ ಹತ್ತಿರ ಕೂತಿದ್ದ ಮಗಳು ಮೇಲೆ ನೋಡಿದರು. ಕೊಡೆಯ ಒಳಗಿನ ಅಂಚಿನಲ್ಲಿ ಕೆಂಪು ದಾರದಲ್ಲಿ ಹೊಲಿದ ಅಕ್ಷರ. ಅಪ್ಪನ ಹೆಸರಿನ ಮೊದಲ ಅಕ್ಷರ. ಅದೇ ಕೊಡೆ.

'ಉಸಿರು ಸಿಕ್ಕಿಕೊಂಡ ಹಾಗಾಯ್ತು. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟೆ. ತಡೆಯೋಕೆ ಆಗಲಿಲ್ಲ' ಅಂತ ಬರೆದಿದ್ದಾರೆ.

ಚಿಕ್ಕಪ್ಪನ ಅಳಿಯ ಅದನ್ನು ಮೊಬೈಲಲ್ಲಿ ಹಿಡಿದ. ಒಂಬತ್ತು ಸೆಕೆಂಡಿನ ವಿಡಿಯೊ. ಅದರಲ್ಲಿ ಕೊಡೆ ಇಲ್ಲ, ಬರೀ ನಗುವ ಮುಖ. ಮಣ್ಣು ಮುಗಿಸಿ ಜನ ಸ್ನಾನ ಮಾಡಿ ಬರೋ ಹೊತ್ತಿಗೆ ಅದು ಮನೆಯವರ ವಾಟ್ಸಾಪ್ ಗುಂಪಿನಲ್ಲಿತ್ತು. ಸೋದರತ್ತೆ ನೋಡಿ ಕೆಂಡವಾದರು. 'ಅಳೋ ಗಂಡಸನ್ನ, ನಗೋ ಹೆಂಗಸನ್ನ ನಂಬಬಾರದು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ' ಅಂದರಂತೆ. ಮುಂದಿನ ತಿಂಗಳು ವರ್ಷದ ತಿಥಿ. ಎಲ್ಲರ ಮುಂದೆ ತಪ್ಪಾಯ್ತು ಅಂತ ಕೇಳಿದರೆ ಮಾತ್ರ ಬರ್ತೀನಿ ಅಂತ ಅತ್ತೆ ಹಟ ಹಿಡಿದಿದ್ದಾರೆ. 'ಕೇಳಿಬಿಡು, ಮುಗಿದು ಹೋಗಲಿ' ಅಂತಿದ್ದಾರೆ ಗಂಡ.

ತಂಗಿ, ನಿಮ್ಮ ಪ್ರಶ್ನೆ ಇದು: 'ನಾನು ಕಲ್ಲು ಮನಸ್ಸಿನವಳಾ? ಅಪ್ಪನ ಮೇಲೆ ನನಗೆ ಪ್ರೀತಿ ಇರಲಿಲ್ವಾ?'

ಇತ್ತು. ಅದಕ್ಕೇ ನಗು ಬಂತು. ಆ ಅಕ್ಷರ ಕಂಡ ಕೂಡಲೇ 11 ವರ್ಷದ ಜಗಳ, ಅಪ್ಪನ ಗೊಣಗು, ಅವರ ದನಿ ಎಲ್ಲ ಒಟ್ಟಿಗೆ ನಿಮ್ಮ ಕಣ್ಣ ಮುಂದೆ ಬಂತು. ಅಪ್ಪ ಇದ್ದಿದ್ದರೆ ಎದ್ದು ಕೂತು 'ನೋಡಿದ್ಯಾ, ನಾನ್ ಹೇಳ್ಲಿಲ್ವಾ' ಅಂತಿದ್ದರು. ಅದನ್ನು ಹೇಳೋಕೆ ಅವರೇ ಇಲ್ಲ. ಈ ಎರಡೂ ಒಂದೇ ಉಸಿರಿನಲ್ಲಿ ಬಂದರೆ ಮೈ ಏನು ಮಾಡಬೇಕು ಹೇಳಿ? ಅಪ್ಪನ ಬಗ್ಗೆ ಏನೂ ಗೊತ್ತಿಲ್ಲದ ಮಗಳಿಗೆ ಆ ಕೊಡೆ ಬರೀ ಕೊಡೆ. ಅವಳು ಸುಮ್ನೆ ಅಳ್ತಾ ಕೂತಿರುತ್ತಿದ್ದಳು.

ಮನಸ್ಸಿನ ಮೇಲೆ ತಡೆಯಲಾರದ ಭಾರ ಬಿದ್ದಾಗ ಒಮ್ಮೊಮ್ಮೆ ಮೈ ನಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮಾಡಿದ ಹೆಸರುವಾಸಿ ಪ್ರಯೋಗವೊಂದಿದೆ, 1963ರಲ್ಲಿ ಪ್ರಕಟವಾಗಿದ್ದು. ಪಕ್ಕದ ಕೋಣೆಯಲ್ಲಿರುವವನಿಗೆ ಕರೆಂಟ್ ಶಾಕ್ ಕೊಡ್ತಿದ್ದೀರಿ ಅಂತ 40 ಜನರನ್ನು ನಂಬಿಸಿದ್ದರು. ಅವರಲ್ಲಿ ಹಲವರು ನಡುಗಿದರು, ಬೆವರಿದರು. 14 ಜನ ನಗೋಕೆ ಶುರು ಮಾಡಿದರು. ಅವರಿಗೆ ಖುಷಿಯಾಗಿ ನಗು ಬಂದಿದ್ದಲ್ಲ. ನಕ್ಕೆವು ಅಂದರೆ ಶಾಕ್ ಕೊಡೋದು ನಮಗೆ ಖುಷಿ ಕೊಟ್ಟಿತು ಅಂತ ಅರ್ಥ ಅಲ್ಲ ಅಂತ ಆಮೇಲೆ ಹೇಳಿಕೊಂಡರು.

ನಿಮ್ಮದು ಅಂಥ ಗಾಬರಿ ನಗು ಮಾತ್ರ ಅಂತ ನನಗೆ ಅನ್ನಿಸುತ್ತಿಲ್ಲ. ಅದರಲ್ಲಿ ನಿಜವಾದ ನಗುವೂ ಇತ್ತು. ಅದಕ್ಕೂ ನಾಚಿಕೆ ಬೇಡ. ಡಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನ್ನೊ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡನನ್ನೋ ಹೆಂಡತಿಯನ್ನೋ ಕಳಕೊಂಡು ಸುಮಾರು ಆರು ತಿಂಗಳಾದವರನ್ನು ಮಾತಾಡಿಸಿ, ಅವರ ಮುಖ ಗಮನಿಸಿದ್ದರು. ತೀರಿಹೋದವರ ಬಗ್ಗೆ ಮಾತಾಡ್ತಾ ಕಣ್ಣಂಚು ಸುಕ್ಕಾಗುವ ಹಾಗೆ ನಿಜವಾಗಿ ನಕ್ಕವರಲ್ಲಿ ಸಂಕಟ ಕಡಿಮೆ ಕಂಡಿತು.

ಇದಕ್ಕೆ ಅಮೆರಿಕದ ತನಕ ಹೋಗಬೇಕಾಗಿಯೂ ಇಲ್ಲ. ನಮ್ಮ ಹಾಸನ ಸೀಮೆಯಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಡೋದನ್ನು ನೋಡಿ. ಇದ್ದಾಗ ಬೈದು ಬೈದು ಬಚ್ಚಿಡುತ್ತಿದ್ದ ಬೀಡಿ ಕಟ್ಟು, ಬ್ರಾಂದಿ ಬಾಟಲಿಯನ್ನು ಸತ್ತ ಮೇಲೆ ನಾವೇ ತಂದು ಎಲೆ ಮುಂದೆ ಇಡ್ತೇವೆ. ಇಡುವಾಗ ಮನೆಯವರೆಲ್ಲ ನಗ್ತಾರೆ. ಬಾಗಿಲು ಹಾಕಿ ಹೊರಗೆ ಬಂದ ಮೇಲೆ ಅದೇ ಜನ ಕಣ್ಣೊರೆಸಿಕೊಳ್ತಾರೆ. ಅದಕ್ಕೆ ಯಾರಾದರೂ ತಪ್ಪು ಹಿಡಿದಿದ್ದಾರಾ?

ನನ್ನ ಅಮ್ಮ ಹೋದಾಗ, ಹಾಲು ತುಪ್ಪ ಬಿಟ್ಟು ಬಂದ ಸಂಜೆ ನಾವು ಅಕ್ಕತಂಗಿಯರು ಅವರ ಟ್ರಂಕ್ ತೆಗೆದೆವು. ಮಡಿಕೆ ಬಿಚ್ಚದ ಹತ್ತೊಂಬತ್ತು ಸೀರೆ. ಒಂದೊಂದಕ್ಕೂ ಗುಂಡುಪಿನ್ನಿನಿಂದ ಚೀಟಿ ಚುಚ್ಚಿದ್ದರು. ಯಾರು ಕೊಟ್ಟಿದ್ದು, ಯಾವ ಮದುವೆಗೆ, ಎಷ್ಟು ಬೆಲೆ ಇರಬಹುದು, ಎಲ್ಲ ಬರೆದಿತ್ತು. ನಾನು ಕೊಟ್ಟ ಸೀರೆಯ ಚೀಟಿಯಲ್ಲಿ 'ಬಣ್ಣ ಹೋಗುತ್ತೆ' ಅಂತಿತ್ತು. ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಚೀಟಿ ಇವತ್ತಿಗೂ ನನ್ನ ಪರ್ಸಿನಲ್ಲಿದೆ.

ಇನ್ನು ಆ ಗಾದೆ. ಅದರ ಮೇಲೆ ನನಗೆ ತುಂಬಾ ಹಳೆಯ ಸಿಟ್ಟು. ಈ ಅಂಕಣ ಓದುವವರಿಗೆ ಅದು ಗೊತ್ತು. ಗಂಡಸು ಅತ್ತರೆ ತಪ್ಪು, ಹೆಂಗಸು ನಕ್ಕರೆ ತಪ್ಪು. ಎಷ್ಟು ಮನೆಗಳ ಗಂಟಲು ಕಟ್ಟಿಹಾಕಿದೆ ಆ ಒಂದು ಮಾತು! ನಿಮ್ಮ ಅಪ್ಪನ ಹೆಣ ಕಾಯುತ್ತಾ ರಾತ್ರಿಯೆಲ್ಲ ಜಗಲಿಯಲ್ಲಿ ಗಂಡಸರು ಇಸ್ಪೀಟು ಆಡಿದರು ಅಂತ ನೀವೇ ಬರೆದಿದ್ದೀರಿ. ಅವರು ನಗಲಿಲ್ವಾ? ನಿದ್ದೆ ಬರಬಾರದಲ್ಲ ಅಂತ ಅವರಿಗೆ ಕಾಫಿ ಮಾಡಿಕೊಟ್ಟವರು ಹೆಂಗಸರೇ ಅಲ್ವಾ?

ಆದರೆ ನಿಮ್ಮ ಅತ್ತೆಯ ಮೇಲೆ ನನಗೆ ಕೋಪ ಇಲ್ಲ. ಅವರು ಕಳಕೊಂಡಿದ್ದು ಒಡಹುಟ್ಟಿದ ಅಣ್ಣನನ್ನು. ಅವರು ಕಾಲ ಹತ್ತಿರ ನಿಂತಿದ್ದರು, ಕೊಡೆಯ ಒಳಭಾಗ ಅವರಿಗೆ ಕಾಣಿಸಲೇ ಇಲ್ಲ. ಅಣ್ಣನ ಮಗಳು ನಗ್ತಿದ್ದಾಳೆ ಅನ್ನೋದಷ್ಟೇ ಕಾಣಿಸಿತು. ಆಮೇಲೆ ವಿಡಿಯೊದಲ್ಲಿ ಅದನ್ನೇ ಎಷ್ಟು ಸಲ ನೋಡಿದರೋ. ಯಾರಿಗಾದರೂ ಹೊಟ್ಟೆ ಉರಿಯುತ್ತೆ.

ತಪ್ಪು ಮಾಡಿದವನು ಆ ಅಳಿಯ. ಅವನ ಬಗ್ಗೆ ನೀವು ಒಂದೇ ಸಾಲು ಬರೆದು 'ಅವನು ಬೇಕು ಅಂತ ಮಾಡಿರಲ್ಲ ಬಿಡಿ' ಅಂದಿದ್ದೀರಿ. ನಾನು ಬಿಡೋದಿಲ್ಲ. ಹೆಣದ ಮುಂದೆ ಮೊಬೈಲ್ ಎತ್ತಿದ್ದು ಮೊದಲ ತಪ್ಪು. ಅದನ್ನು ಗುಂಪಿಗೆ ಕಳಿಸಿದ್ದು ಎರಡನೆಯದು. ಒಂದು ವರ್ಷ ನಿಮ್ಮ ಮೇಲೆ ಮಾತು ಬೀಳ್ತಿದ್ದರೂ ಅಳಿಸದೆ ಬಿಟ್ಟಿದ್ದು ಮೂರನೆಯದು. ಸಾವಿನ ಮನೆಗೆ ಕಾಲಿಡುವ ಮುಂಚೆ ಮೊಬೈಲ್ ಆಫ್ ಮಾಡಿ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ ಅಂತ ನಾನು ಎಷ್ಟು ಸಲ ಬರೆದಿದ್ದೇನೆ. ಇನ್ನೂ ಬರೀತೇನೆ. ಅಲ್ಲಿ ಒಬ್ಬರ ಮುಖದಲ್ಲಿ ಏನು ಬಂದು ಹೋಗುತ್ತೋ ಅದು ಅಲ್ಲಿದ್ದವರಿಗೆ ಮಾತ್ರ ಸೇರಿದ್ದು. ತಪ್ಪಾಯ್ತು ಅನ್ನಬೇಕಾದವನು ಯಾರಾದರೂ ಇದ್ದರೆ ಅವನೇ.

ಈಗ ನನ್ನನ್ನು ಮೂರು ದಿನ ಮಲಗಲು ಬಿಡದ ಮಾತಿಗೆ ಬರ್ತೇನೆ. ಪತ್ರದ ಕೊನೆಯಲ್ಲಿ, ಕೊಡೆಯ ಬಗ್ಗೆ ಹೇಳ್ತಾ ನೀವು ಹೀಗೆ ಬರೆದಿದ್ದೀರಿ: 'ಅಕ್ಷರ ಹೊಲಿದಿದ್ದು ಅಮ್ಮನೇ. ಅವತ್ತು ಅಮ್ಮ ನನ್ನ ಪಕ್ಕದಲ್ಲೇ ಇದ್ದರು. ಗಟ್ಟಿಯಾಗಿ ಅಳ್ತಿದ್ದವರು ಒಂದೇ ಸಲ ಸೆರಗಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗ್ತಿತ್ತು. ಪಕ್ಕದ ತೋಟದವರು ಕೊಡೆ ಅಲ್ಲೇ ಬಿಟ್ಟು ಹೋದರು. ಈಗ ಅಪ್ಪನ ಮೊಳೆಗೇ ನೇತಾಡ್ತಿದೆ. ಯಾರಾದರೂ ಕೈ ಹಾಕಿದರೆ, ಅದು ಬೇಡ, ಬೇರೆ ತಗೊಳ್ಳಿ ಅಂತಾರೆ ಅಮ್ಮ.'

ಇಷ್ಟು ಬರೆದು ನೀವು ಮತ್ತೆ ಅತ್ತೆ ವಿಷಯಕ್ಕೆ ಹೋಗಿಬಿಟ್ಟಿರಿ.

ತಂಗಿ, ನೀವು ಬರೆದಿದ್ದನ್ನು ನೀವೇ ಇನ್ನೊಂದು ಸಲ ಓದಿ. ಆ ಅಕ್ಷರ ಹೊಲಿದ ಕೈ ನಿಮ್ಮ ಅಮ್ಮನದು. ನೀವು ಗುರುತು ಹಿಡಿದಿದ್ದನ್ನು ಅವರು ಹಿಡಿಯದೆ ಇರ್ತಾರಾ? ಕೊಡೆ ಕಳೆದ ದಿನದಿಂದ ಗಂಡನ ಗೊಣಗಾಟ ಹಗಲೂ ರಾತ್ರಿ ಕೇಳಿದ್ದು ಯಾರು? ನೀವು ಮದುವೆಯಾಗಿ ಹಾಸನಕ್ಕೆ ಬಂದಿರಿ. ಅವರು ಅಲ್ಲೇ ಇದ್ದರು. ನಮ್ಮ ಕಡೆ ಹೆಂಗಸರು ಅಳುವಾಗ ಮುಖ ಮುಚ್ಚೋದಿಲ್ಲ, ಸತ್ತವರ ಒಂದೊಂದೇ ಗುಣ ಎತ್ತಿ ಹೇಳಿ ಹೇಳಿ ಅಳ್ತಾರೆ. ಗಟ್ಟಿಯಾಗಿ ಅಳ್ತಿದ್ದವರು ಥಟ್ಟನೆ ಸೆರಗು ಎಳೆದುಕೊಂಡರು ಅಂದರೆ ನನಗೆ ಒಂದೇ ಅರ್ಥ ಹೊಳೆಯುತ್ತೆ. ನಿಮಗಿಂತ ಮೊದಲು ಅವರಿಗೆ ನಗು ಬಂದಿತ್ತು.

ಮಗಳು ನಕ್ಕಿದ್ದಕ್ಕೇ ಒಂದು ವರ್ಷದ ಮಾತು. ಹೆಂಡತಿ ನಕ್ಕಿದ್ದರೆ? ತಾಳಿ ತೆಗೆಯುವ ದಿನ ಇನ್ನೂ ಬಂದಿರಲಿಲ್ಲ. ಏನೇನು ಅಂತಿದ್ದರು ಅಂತ ಆ ತಾಯಿಗೆ ಗೊತ್ತಿತ್ತು. ಅದಕ್ಕೇ ಸೆರಗಲ್ಲಿ ಅಡಗಿಸಿಕೊಂಡರು. ಆಮೇಲೆ ನಿಮ್ಮನ್ನು ಎಲ್ಲರೂ ಅಂದಾಗ ಸುಮ್ಮನಿದ್ದರು. 'ಅಮ್ಮ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ' ಅಂತ ನಿಮಗೆ ನೋವಿದೆ. ಅವರಿಗೆ ಬಾಯಿ ಬಿಡೋಕೆ ಆಗಲಿಲ್ಲ, ತಂಗಿ. ನಿಮ್ಮನ್ನು ಉಳಿಸಬೇಕು ಅಂದರೆ ತಮ್ಮ ನಗುವನ್ನೂ ಹೇಳಬೇಕಾಗಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದು ವರ್ಷದಿಂದ ಆ ಕೊಡೆ ಕಾಯುತ್ತಾ ಇದ್ದಾರೆ.

ಹಾಗಾಗಿ ತಿಥಿ ದಿನ ಏನು ಮಾಡಲಿ ಅನ್ನೋದನ್ನು ಬಿಡಿ. ಸಭೆಯ ಮುಂದೆ ತಪ್ಪು ಕೇಳೋದಂತೂ ಬೇಡವೇ ಬೇಡ. ಮಾಡದ ತಪ್ಪನ್ನು ಒಪ್ಪಿಕೊಂಡರೆ ಪಕ್ಕದಲ್ಲಿ ನಿಂತ ನಿಮ್ಮ ಅಮ್ಮನ ನಗುವೂ ತಪ್ಪಾಗುತ್ತೆ. ಅತ್ತೆಗೆ ಕೊಡೆಯ ಕಥೆ ಹೇಳಬೇಕು, ನಿಜ. ಆದರೆ ಹೇಳಬೇಕಾದವರು ನಿಮ್ಮ ಅಮ್ಮ. ಅವರು ತಮ್ಮ ನಾದಿನಿಗೆ ಯಾವಾಗ, ಹೇಗೆ ಹೇಳಬೇಕೋ ಹೇಳ್ತಾರೆ. ಅದು ಅವರಿಗೆ ಬಿಟ್ಟಿದ್ದು.

ನಿಮ್ಮ ಪಾಲಿಗೆ ಇರೋದು ಒಂದೇ ಕೆಲಸ. ಈ ಶನಿವಾರವೇ ಊರಿಗೆ ಹೋಗಿ. ಗಂಡ, ಮಕ್ಕಳು ಯಾರೂ ಬೇಡ, ಒಬ್ಬರೇ ಹೋಗಿ. ರಾತ್ರಿ ಅಲ್ಲೇ ಉಳೀರಿ. ಅಮ್ಮನ ಜೊತೆ ಕೂತು ಮೊದಲು ಹೊಟ್ಟೆ ತುಂಬ ಊಟ ಮಾಡಿ. ಹಸಿದ ಹೊಟ್ಟೆಯಲ್ಲಿ ಇಂಥ ಮಾತು ಎತ್ತಬಾರದು. ಪಾತ್ರೆ ತೊಳೆದು ಅವರು ಜಗಲಿಗೆ ಬಂದು ಕೂತ ಮೇಲೆ ಮೊಳೆಯಿಂದ ಆ ಕೊಡೆ ತೆಗೆಯಿರಿ. ಬೇಡ ಅಂತಾರೆ. ಆದರೂ ತೆಗೆಯಿರಿ. ಅವರ ಪಕ್ಕ ಕೂತು ನಿಧಾನವಾಗಿ ಬಿಚ್ಚಿ, ಕೆಂಪು ಅಕ್ಷರದ ಮೇಲೆ ಬೆರಳಿಟ್ಟು ಕೇಳಿ: 'ಅಮ್ಮಾ, ಅವತ್ತು ನೀನೂ ನೋಡ್ದೆ ಅಲ್ವಾ?'

ಅವರು ಅತ್ತರೂ ನಕ್ಕರೂ ಎದ್ದು ಹೋಗಬೇಡಿ.